ಮಾಯವಾಗುವ ಹುಡುಗಿಯ ಕೊನೆಯ ಪುಟ

ಶಿಕಾಗೋ
ಸೆಪ್ಟೆಂಬರ್ 14, 2025

ಅಪ್ಪಾಜಿಯವರಿಗೆ ಶಿವಾನಿಯ ಶರಣು.

ಎರಡು ವರ್ಷ ಮಾತು ಬಿಟ್ಟವಳು ಮೊದಲ ಕಾಗದದಲ್ಲೇ ಕೆಲಸ ಹೇಳುತ್ತಾಳಲ್ಲ ಎಂದು ನಿಮಗೆ ಸಿಟ್ಟು ಬರಬಹುದು. ಬರಲಿ. ನನಗೂ ನಿಮ್ಮ ಮೇಲಿನ ಸಿಟ್ಟು ಇಳಿದಿಲ್ಲ. ನನ್ನ ಮೊದಲ ಚಿತ್ರ ಪ್ರದರ್ಶನಕ್ಕೆ ಬಂದು, ಎಲ್ಲರೆದುರು ನನ್ನ ಚಿತ್ರದ ಬಸ್ಸಿನ ಚಕ್ರಕ್ಕೆ ಎಷ್ಟು ನಟ್ಟುಗಳಿವೆ ಎಂದು ಬೆರಳಿಟ್ಟು ಎಣಿಸಿದವರನ್ನು ಅಷ್ಟು ಬೇಗ ಹೇಗೆ ಮರೆಯಲಿ? ಆದರೆ ಈಗ ನನಗೆ ಬೇಕಾಗಿರುವುದು ಅಂಥದೇ ಮನುಷ್ಯ.

ಲಕೋಟೆಯಲ್ಲಿ ತೊಂಬತ್ತಾರು ಪುಟಗಳಿವೆ. ನಾನೂ ನನ್ನ ಗೆಳತಿ ಲೆಟಿಸಿಯಾಳೂ (ನಾನು ಕರೆಯುವುದು ಲೆಟಿ ಎಂದು) ಸೇರಿ ಮಾಡಿದ ಕಾಮಿಕ್ಸ್ ಪುಸ್ತಕ. ಕಥೆ ಮತ್ತು ಮಾತು ಅವಳದು, ಚಿತ್ರ ನನ್ನದು. ನಾಯಕಿಯ ಹೆಸರು ಅರಾಸೆಲಿ. ಶಿಕಾಗೋದಲ್ಲಿ ಬೆಳೆದ ಮೆಕ್ಸಿಕನ್ ಮನೆತನದ ಹುಡುಗಿ, ವಯಸ್ಸು ಹದಿನೇಳು. ಹೆದರಿದಾಗ ಅವಳು ಮಾಯವಾಗುತ್ತಾಳೆ. ಅದೇ ಅವಳ ಶಕ್ತಿ, ಅದೇ ಅವಳ ಕಾಟ. ಮಾಯವಾಗಿಯೇ ಎಷ್ಟೋ ಜನರನ್ನು ಕಾಪಾಡುತ್ತಾಳೆ, ಆದರೆ ಅವಳು ಯಾರೆಂದು ಯಾರಿಗೂ ಗೊತ್ತಾಗುವುದಿಲ್ಲ. ಬರಬರುತ್ತ ಕನ್ನಡಿಯಲ್ಲಿ ಅವಳಿಗೇ ಅವಳ ಮುಖ ಕಾಣದಂತಾಗುತ್ತದೆ. ಕೊನೆಯ ಪುಟದಲ್ಲಿ ಹಾಡಹಗಲು ತನ್ನ ಮನೆಯ ಮೆಟ್ಟಿಲ ಮೇಲೆ, ಇಡೀ ಬೀದಿಗೆ ಕಾಣುವಂತೆ ನಿಲ್ಲುತ್ತಾಳೆ. ಆ ಒಂದು ಪುಟಕ್ಕಾಗಿಯೇ ಉಳಿದ ತೊಂಬತ್ತೈದು ಪುಟ ಬರೆದಿದ್ದೇನೆ.

ಪ್ರಕಾಶಕರು ಹೋದ ತಿಂಗಳು ಪುಟಗಳನ್ನು ವಾಪಸು ಕಳಿಸಿದರು. ಗಾಯ ಒಂದು ಪುಟದಲ್ಲಿ ಎಡಗೈಗಿದ್ದರೆ ಮುಂದಿನ ಪುಟದಲ್ಲಿ ಬಲಗೈಗಿದೆಯಂತೆ. ಡಿಸೆಂಬರ್ ಒಂದಕ್ಕೆ ಅಚ್ಚಿಗೆ ಹೋಗಬೇಕು, ಇನ್ನೊಂದು ಸಲ ತಪ್ಪು ಸಿಕ್ಕರೆ ಪುಸ್ತಕವೇ ಇಲ್ಲ ಎಂದಿದ್ದಾರೆ. ಡೆಟ್ರಾಯಿಟ್ ಸುತ್ತಿನ ಆಫೀಸುಗಳಲ್ಲಿ ಇಪ್ಪತ್ತು ವರ್ಷದಿಂದ ಕಾರಿನ ಭಾಗಗಳ ಡ್ರಾಯಿಂಗ್ ಚೆಕ್ ಮಾಡುತ್ತಿರುವವರು ನೀವು. ನಿಮ್ಮ ಕಣ್ಣು ತಪ್ಪಿಸಿ ಏನೂ ಹೋಗುವುದಿಲ್ಲ. ನೋಡಿಕೊಡುತ್ತೀರಾ?

ಇಂಗ್ಲಿಷಿನಲ್ಲಿ ಬರೆದರೆ ಆಫೀಸಿನ ಮೇಲ್ ಅಂದುಕೊಂಡು ಓದುತ್ತೀರಿ ಎಂದು ಕನ್ನಡದಲ್ಲಿ ಬರೆದಿದ್ದೇನೆ. ಅವ್ವನಿಗೆ ನನ್ನ ನೆನಪು ಹೇಳಿ.

ಶಿವಾನಿ


ರಾಚೆಸ್ಟರ್ ಹಿಲ್ಸ್
ಸೆಪ್ಟೆಂಬರ್ 25, 2025

ಶಿವಾನಿಗೆ ಆಶೀರ್ವಾದ.

ಪುಟಗಳು ತಲುಪಿದವು. ಒಟ್ಟು ಎಂಬತ್ತೆಂಟು ತಪ್ಪುಗಳಿವೆ. ಕೆಂಪು ಪೆನ್ಸಿಲಿನಲ್ಲಿ ಗುರುತು ಹಾಕಿ ಪುಟಗಳನ್ನು ಇದರ ಜೊತೆಗೇ ಕಳಿಸಿದ್ದೇನೆ. ಮುಖ್ಯವಾದವನ್ನು ಇಲ್ಲಿ ಹೇಳುತ್ತೇನೆ.

ಹುಡುಗಿ ಮಾಯವಾದಾಗ ಅವಳ ಕೈಯಲ್ಲಿರುವ ವಸ್ತುವೂ ಮಾಯವಾಗುತ್ತದೆಯೋ ಇಲ್ಲವೋ, ಮೊದಲು ತೀರ್ಮಾನ ಮಾಡಿಕೊಳ್ಳಿ. ನಾಲ್ಕನೇ ಪುಟದಲ್ಲಿ ಪುಸ್ತಕದ ಚೀಲ ಅವಳ ಜೊತೆ ಮಾಯವಾಗುತ್ತದೆ. ಇಪ್ಪತ್ತೆರಡರಲ್ಲಿ ಕೊಡೆ ಗಾಳಿಯಲ್ಲಿ ತೇಲುತ್ತದೆ. ಪವಾಡವಾದರೂ ಸರಿ, ಅದಕ್ಕೊಂದು ಕ್ರಮವಿರಬೇಕು. ಮೂವತ್ತೊಂದನೇ ಪುಟದಲ್ಲಿ ರೈಲಿನ ಬಾಗಿಲು ಎಡಕ್ಕೆ ತೆರೆಯುತ್ತದೆ, ಮೂವತ್ತೆರಡರಲ್ಲಿ ಅದೇ ಸ್ಟೇಷನ್ನಿನಲ್ಲಿ ಬಲಕ್ಕೆ. ಅರವತ್ತನೇ ಪುಟದ ಪೊಲೀಸನಿಗೆ ಒಂದು ಕೈಯಲ್ಲಿ ಆರು ಬೆರಳುಗಳಿವೆ. ಬೇಕೆಂದೇ ಬರೆದಿದ್ದರೆ ಕ್ಷಮಿಸು.

ಕೊನೆಯ ಪುಟದ ಬಗ್ಗೆ ಮಾತ್ರ ಅನುಮಾನ ಉಳಿದಿದೆ. ಮೆಟ್ಟಿಲ ಮೇಲೆ ಬಿದ್ದ ನೆರಳು ನನಗೆ ಒಪ್ಪಿಗೆಯಾಗಿಲ್ಲ. ರೈಲಿನ ಮೇಲುಸೇತುವೆ ಆ ದಿಕ್ಕಿಗಿದ್ದರೆ ಮಧ್ಯಾಹ್ನದ ಬಿಸಿಲು ಬಾಗಿಲಿಗೆ ಬೀಳುವುದು ಸಾಧ್ಯವೇ? ಅದಕ್ಕೆ ಪ್ರಶ್ನೆ ಚಿಹ್ನೆ ಹಾಕಿ ಬಿಟ್ಟಿದ್ದೇನೆ. ಆ ಪುಟದ ಒಂದು ಪ್ರತಿ ನನ್ನ ಹತ್ತಿರ ಇಟ್ಟುಕೊಂಡಿದ್ದೇನೆ.

ನಿಮ್ಮವ್ವ ಪಕ್ಕದಲ್ಲಿ ಕೂತು ಬೈಯುತ್ತಿದ್ದಾಳೆ. "ಏನ್ರೀ, ಹುಡುಗಿ ಎರಡು ವರ್ಷಕ್ಕ ಕಾಗದಾ ಬರದಾಳ. ಚೊಲೊ ಐತಿ ಅಂತ ಒಂದು ಮಾತು ಬರದ್ರ ನಿಮ್ಮ ಗಂಟೇನು ಹೋಗತೈತಿ?" ಎನ್ನುತ್ತಾಳೆ. ಚೆಕ್ ಮಾಡುವವನು ಹೊಗಳುವುದಕ್ಕೆ ಕೂತರೆ ಕೆಲಸ ಕೆಡುತ್ತದೆ ಎಂದೆ. ಎದ್ದು ಹೋದಳು.

ಪಂಚಾಕ್ಷರಿ


ಶಿಕಾಗೋ
ಅಕ್ಟೋಬರ್ 2, 2025

ಅಪ್ಪಾಜಿಯವರಿಗೆ,

ಎಂಬತ್ತೆಂಟನ್ನೂ ತಿದ್ದುತ್ತಿದ್ದೇನೆ. ಆರು ಬೆರಳು ಬೇಕೆಂದೇ ಬರೆದದ್ದಲ್ಲ.

ನೆರಳು ಸರಿಯಾಗಿದೆ. ಕಂಡದ್ದನ್ನೇ ಬರೆ, ಊಹಿಸಬೇಡ ಎಂದು ನನಗೆ ಕಲಿಸಿದವರು ನೀವೇ ತಾನೆ? ಆ ಬಾಗಿಲ ಎದುರಿನ ಪೇವ್‌ಮೆಂಟಿನಲ್ಲಿ ಕೂತು ಮೂರು ಭಾನುವಾರ ಬರೆದಿದ್ದೇನೆ. ಅದರ ಬಗ್ಗೆ ಹೆಚ್ಚಿಗೆ ತಲೆ ಕೆಡಿಸಿಕೊಳ್ಳಬೇಡಿ.

ಊರಲ್ಲಿ ಈಗ ಯಾರಿಗೂ ಮನಸ್ಸು ನೆಟ್ಟಗಿಲ್ಲ. ಲೆಟಿಯ ಬಡಾವಣೆಯಲ್ಲಿ ಅರ್ಧ ಅಂಗಡಿಗಳು ಹಗಲಲ್ಲೇ ಬಾಗಿಲು ಹಾಕುತ್ತಿವೆ. ಸಮಯ ಸಿಕ್ಕಾಗ ಬರೆಯುತ್ತೇನೆ.

ನಿಮಗೆ ಕಥೆ ಹಿಡಿಸಿತೋ ಇಲ್ಲವೋ, ಇನ್ನೂ ಗೊತ್ತಾಗಲಿಲ್ಲ.

ಶಿವಾನಿ


ರಾಚೆಸ್ಟರ್ ಹಿಲ್ಸ್
ಅಕ್ಟೋಬರ್ 9, 2025

ಶಿವಾನಿಗೆ,

ಸಂತೋಷದ ಸುದ್ದಿ ಇದೆ, ಅದಕ್ಕೇ ಕಾಯದೆ ಬರೆಯುತ್ತಿದ್ದೇನೆ. ಮಂಗಳವಾರ ನಿಮ್ಮ ಶಿಕಾಗೋದ ಹೊರವಲಯದ ಹಾಫ್‌ಮನ್ ಎಸ್ಟೇಟ್ಸ್‌ನಲ್ಲಿ ಒಂದು ಕಂಪನಿಯವರ ಜೊತೆ ಮೀಟಿಂಗ್ ಇತ್ತು. ಹನ್ನೆರಡಕ್ಕೆಲ್ಲ ಮುಗಿಯಿತು. ಕಾಗದದ ಮೇಲೆ ಅನುಮಾನ ಉಳಿದರೆ ಜಾಗಕ್ಕೇ ಹೋಗಿ ನೋಡು ಎನ್ನುವುದು ನಮ್ಮ ಕೆಲಸದ ಕ್ರಮ. ನಿನ್ನ ಕೊನೆಯ ಪುಟವನ್ನು ಕಾರಿನಲ್ಲಿಟ್ಟುಕೊಂಡೇ ಹೋಗಿದ್ದೆ. ಮ್ಯಾಪಿನಲ್ಲಿ ರೈಲಿನ ದಾರಿ ನೋಡುತ್ತ ಆ ಮನೆಯನ್ನು ಹುಡುಕಿಕೊಂಡು ಶಿಕಾಗೋದೊಳಕ್ಕೆ ಇಳಿದೆ.

ಸಿಕ್ಕಿಬಿಟ್ಟಿತು! ನಲವತ್ತು ನಿಮಿಷ ಹಿಡಿಯಿತು ಅಷ್ಟೆ. ರೈಲಿನ ಮೇಲುಸೇತುವೆ ಬಾಗುವ ಜಾಗ, ಬೇಕರಿಯ ಗೋಡೆಯ ಮೇಲಿನ ದೊಡ್ಡ ಹಕ್ಕಿಯ ಚಿತ್ರ, ಅಲ್ಲಿಂದ ನಾಲ್ಕನೇ ಮನೆ, ನೀಲಿ ಬಾಗಿಲು, ಮೂರು ಮೆಟ್ಟಿಲುಗಳಲ್ಲಿ ನಡುವಿನದರ ಮೂಲೆ ಒಡೆದಿದೆ. ಎಲ್ಲವೂ ನೀನು ಬರೆದ ಹಾಗೆಯೇ ಇದೆ. ಎದುರಿಗೆ ಗಾಡಿ ನಿಲ್ಲಿಸಿ, ಪುಟವನ್ನು ಕೈಯಲ್ಲಿ ಹಿಡಿದು ಒಂದೊಂದಾಗಿ ಹೋಲಿಸಿ ನೋಡಿದೆ. ಮೆಟ್ಟಿಲಿನ ಅಳತೆ ತೆಗೆದುಕೊಂಡೆ. ಬಾಗಿಲಿನ ಫೋಟೋ ತೆಗೆದೆ. ಬಿಸಿಲು ಬೇಕರಿಯ ಗಾಜಿಗೆ ಬಿದ್ದು ತಿರುಗಿ ಮೆಟ್ಟಿಲಿಗೆ ಬರುತ್ತದೆ, ನೆರಳಿನ ಗುಟ್ಟು ಅದು. ನಾನು ಹಾಕಿದ ಪ್ರಶ್ನೆ ಚಿಹ್ನೆ ತಪ್ಪು.

ಯಾರೋ ಸೀಟಿ ಊದಿದರು. ಮೂರು ನಾಲ್ಕು ಕಡೆಯಿಂದ ಸೀಟಿ ಕೇಳಿಸಿತು. ಶಾಲೆ ಬಿಟ್ಟ ಹೊತ್ತು, ಮಕ್ಕಳ ಆಟವಿರಬೇಕು. ಒಳಗೆ ಪರದೆ ಅಲ್ಲಾಡಿದ ಹಾಗಿತ್ತು, ಆದರೆ ಬಾಗಿಲು ತಟ್ಟಿದರೂ ಯಾರೂ ತೆಗೆಯಲಿಲ್ಲ. ಮನೆಯವರಿಗೆ ನನ್ನ ಮಗಳು ಬರೆದ ಚಿತ್ರ ತೋರಿಸಬೇಕೆಂದಿದ್ದೆ.

ನಿನ್ನ ಮನೆ ಅಲ್ಲಿಂದ ಒಂದೂವರೆ ಮೈಲಿ ಎಂದು ಫೋನು ತೋರಿಸಿತು. ಟ್ರಾಫಿಕ್ಕಿಗೆ ಸಿಕ್ಕಿಕೊಳ್ಳುತ್ತೇನೆ ಎಂದು ಹೊರಟುಬಿಟ್ಟೆ.

ಕೊನೆಯ ಪುಟದಲ್ಲಿ ಒಂದು ತಪ್ಪೂ ಇಲ್ಲ, ಶಿವಾನಿ. ನನ್ನ ಕೆಲಸದಲ್ಲಿ ಇಷ್ಟು ಕರಾರುವಾಕ್ಕಾದ ಡ್ರಾಯಿಂಗ್ ನಾನು ಎರಡೋ ಮೂರೋ ಕಂಡಿರಬಹುದು. ಬಹಳ ಹೆಮ್ಮೆಯಾಯಿತು.

ಅಪ್ಪಾಜಿ


ಶಿಕಾಗೋ
ಅಕ್ಟೋಬರ್ 13, 2025

ಅಪ್ಪಾಜಿ,

ಹುಟ್ಟಿದಾಗಿನಿಂದ ಕಾದ ಮಾತು ನಿಮ್ಮ ಕಾಗದದ ಕೊನೆಯಲ್ಲಿತ್ತು. ಓದಿ ಕಾಗದವನ್ನು ಬೋರಲು ಹಾಕಿದೆ.

ಅದು ಲೆಟಿಯ ಮನೆ. ಅಲ್ಲಿ ಇರುವವರು ಅವಳು ಮತ್ತು ಅವಳ ಅಪ್ಪ ರಾಮಿರೋ. ಲೆಟಿ ಇಲ್ಲೇ ಹುಟ್ಟಿದವಳು. ಅವಳಪ್ಪ ಇಪ್ಪತ್ತೇಳು ವರ್ಷದಿಂದ ಈ ಊರಿನ ಮನೆಗಳಿಗೆ ಟೈಲ್ಸ್ ಕೂರಿಸುತ್ತಿದ್ದಾರೆ, ಆದರೆ ಅವರ ಹತ್ತಿರ ಈ ದೇಶದಲ್ಲಿರಲು ಕಾಗದಪತ್ರಗಳಿಲ್ಲ. ಒಂದು ತಿಂಗಳಿಂದ ವಲಸೆ ಇಲಾಖೆಯವರು ಬೀದಿಬೀದಿಯಲ್ಲಿ ಅಂಥವರನ್ನು ಹಿಡಿದುಕೊಂಡು ಹೋಗುತ್ತಿದ್ದಾರೆ. ನೀವು ಕೇಳಿದ ಸೀಟಿ ಮಕ್ಕಳ ಆಟವಲ್ಲ. ಹಿಡಿಯುವವರು ಬಂದರು, ಅಡಗಿಕೊಳ್ಳಿ ಎಂದು ಅಕ್ಕಪಕ್ಕದವರು ಊದುವ ಸೀಟಿ ಅದು. ಬೇರೆ ರಾಜ್ಯದ ನಂಬರ್ ಪ್ಲೇಟಿನ ದೊಡ್ಡ ಕಪ್ಪು ಗಾಡಿ, ಕೊರಳಲ್ಲಿ ಆಫೀಸಿನ ಬ್ಯಾಡ್ಜು, ಕೈಯಲ್ಲಿ ಫೈಲು. ಹಿಡಿಯಲು ಬಂದವರು ನೀವೇ ಎಂದುಕೊಂಡು ಸೀಟಿ ಊದಿದ್ದಾರೆ.

ರಾಮಿರೋ ಅಂಕಲ್ ಪರದೆಯ ಹಿಂದಿದ್ದರು. ಲೆಟಿಗೆ ಫೋನಿನಲ್ಲಿ ಅವರು ಹೇಳಿದ್ದು ಇಷ್ಟೇ: "ಅವನ ಕೈಯಾಗೆ ನಮ್ಮ ಬಾಗಿಲಿನ ಚಿತ್ರ ಇತ್ತು." ಹಿತ್ತಿಲ ಬಾಗಿಲಿನಿಂದ, ಒಂದು ಚೀಲ ಹಿಡಿದುಕೊಂಡು, ಕಾಲಿಗೆ ಮನೆಯಲ್ಲಿ ಹಾಕುವ ಚಪ್ಪಲಿಯಲ್ಲೇ ಹೋದರು. ಆಮೇಲೆ ಎರಡು ಮನೆ ಬದಲಾಯಿಸಿದ್ದಾರೆ. ಎಲ್ಲಿದ್ದಾರೆಂದು ಲೆಟಿ ನನಗೆ ಹೇಳುತ್ತಿಲ್ಲ, ಹೇಳಬಾರದು ಕೂಡ. ಆ ಚಿತ್ರ ಬರೆದವಳು ನಾನು ತಾನೆ?

ಬಂದವರು ನಮ್ಮ ಅಪ್ಪ ಎಂದು ನಿಮ್ಮ ಕಾಗದ ಬಂದ ಮೇಲೆ ಲೆಟಿಗೆ ಹೇಳಿದೆ. ಅವಳು ಜೋರಾಗಿ ಬೈದಿದ್ದರೆ ಚೆನ್ನಾಗಿತ್ತು. "ನಿಮ್ಮಪ್ಪಂಗೆ ಸಿಕ್ಕಿದ್ದು ಇನ್ನು ಯಾರಿಗೆ ಸಿಗಲ್ಲ, ಶಿವಾನಿ?" ಎಂದು ಕೇಳಿ ಪೆನ್ನು ಕೆಳಗಿಟ್ಟಳು. ಪುಸ್ತಕ ಬೇಡ ಎಂದಿದ್ದಾಳೆ. ಬೇರೆ ಬಾಗಿಲು, ಬೇರೆ ಬಣ್ಣ ಬರೆಯಬಹುದಿತ್ತು. ಕರಾರುವಾಕ್ಕಾಗಿ ಬರೆಯುವ ಹಟದಲ್ಲಿ ಒಬ್ಬ ಮನುಷ್ಯನ ವಿಳಾಸವನ್ನೇ ಬರೆದುಬಿಟ್ಟೆ.

ನಾನು ಒಂದೂವರೆ ಮೈಲಿ ದೂರದಲ್ಲಿದ್ದೆ. ಒಂದು ಸಲ ನನ್ನ ಮನೆಗೆ ಬಂದಿದ್ದರೆ, ಅಥವಾ ಒಂದು ಫೋನು ಮಾಡಿದ್ದರೆ, ಇದು ಯಾವುದೂ ಆಗುತ್ತಿರಲಿಲ್ಲ. ಮಗಳ ಚಿತ್ರ ನೋಡಲು ಅಷ್ಟು ದೂರ ಬಂದವರಿಗೆ ಮಗಳು ಬೇಕಾಗಲಿಲ್ಲ.

ಆ ಫೋಟೋಗಳನ್ನು ಅಳಿಸಿಹಾಕಿ.

ಶಿವಾನಿ


ರಾಚೆಸ್ಟರ್ ಹಿಲ್ಸ್
ನವೆಂಬರ್ 1, 2025

ಮಗಳೇ,

ಫೋಟೋಗಳನ್ನು ಅಂದೇ ಅಳಿಸಿದೆ. ನನ್ನ ಹತ್ತಿರವಿದ್ದ ಪುಟವನ್ನು ಹರಿದು ಹಾಕಿದೆ. ಮೂರು ಸಲ ಕಾಗದ ಬರೆದು ಮೂರನ್ನೂ ಹರಿದೆ. ಇದು ನಾಲ್ಕನೆಯದು.

ಬೇರೆ ಯಾರಾದರೂ ಈ ತಪ್ಪು ಮಾಡಿದ್ದರೆ ಅವರಿಗೆ ಗೊತ್ತಿರಲಿಲ್ಲ, ಪಾಪ ಎನ್ನಬಹುದಿತ್ತು. ನನಗೆ ಗೊತ್ತಿರಬೇಕಿತ್ತು. ಯಾಕೆಂದು ನಿನಗೆ ನಾವು ಎಂದೂ ಹೇಳಿಲ್ಲ.

2009ರಲ್ಲಿ ಡೆಟ್ರಾಯಿಟ್ ಸುತ್ತಿನ ಕಾರು ಕಂಪನಿಗಳೆಲ್ಲ ಕುಸಿದಾಗ ನನ್ನ ಆಗಿನ ಕಂಪನಿಯೂ ಮುಚ್ಚಿತು. ಕೆಲಸ ಹೋದರೆ ವೀಸಾ ಹೋದ ಹಾಗೆಯೇ. ಹಿಂದಿರುಗಲೂ ಆಗದೆ, ಹೊಸ ಕೆಲಸವೂ ಸಿಗದೆ, ಐದು ತಿಂಗಳು ನಾವು ಈ ದೇಶದಲ್ಲಿ ಕಾಗದವಿಲ್ಲದೆ ಇದ್ದೆವು. ನಿನಗೆ ಆಗ ಒಂಬತ್ತು. ಶಾಲೆಯವರು ಮ್ಯೂಸಿಯಮ್ಮಿಗೆ ಕರೆದೊಯ್ದಾಗ ನಿನ್ನನ್ನು ಕಳಿಸಲಿಲ್ಲ. ಫಾರ್ಮಿನಲ್ಲಿ ಸಹಿ ಹಾಕಲು ನನ್ನ ಕೈ ಬರಲಿಲ್ಲ. ನೀನು ಎರಡು ದಿನ ಅತ್ತೆ.

ಒಂದು ಬೆಳಿಗ್ಗೆ ಅಪಾರ್ಟ್‌ಮೆಂಟಿನ ಹೊರಗೆ ಒಬ್ಬ ಮನುಷ್ಯ ಬಂದು ನಿಂತ. ಕೈಯಲ್ಲಿ ಫೈಲು. ನಮ್ಮ ಬಾಗಿಲು ನೋಡುತ್ತಾನೆ, ಬರೆದುಕೊಳ್ಳುತ್ತಾನೆ. ಮೂವರೂ ಬಾತ್‌ರೂಮಿನಲ್ಲಿ ಚಿಲಕ ಹಾಕಿಕೊಂಡು ಒಂದು ಗಂಟೆ ಕೂತೆವು. ನಿನಗೆ ಕಣ್ಣಾಮುಚ್ಚಾಲೆ ಆಟ ಎಂದು ಹೇಳಿದ್ದೆವು. ನೀನು ಉಸಿರು ಸಹ ಬಿಡದೆ ಕೂತಿದ್ದೆ. ಅವನು ಗ್ಯಾಸ್ ಮೀಟರ್ ನೋಡಲು ಬಂದವನೆಂದು ಆಮೇಲೆ ಗೊತ್ತಾಯಿತು. ನಿಮ್ಮವ್ವ ನಕ್ಕಳು. ನನಗೆ ನಗು ಬರಲಿಲ್ಲ, ಇವತ್ತಿಗೂ ಬಂದಿಲ್ಲ. ಹಾಗಿದ್ದವನು ಇನ್ನೊಬ್ಬನ ಬಾಗಿಲಿಗೆ ಹೋಗಿ ಫೈಲು ಹಿಡಿದು ನಿಂತೆ.

ನಿನ್ನ ಮನೆಗೆ ಬರಲಿಲ್ಲ ಎಂದೆಯಲ್ಲ, ಟ್ರಾಫಿಕ್ಕು ಎಂದು ಬರೆದದ್ದು ಸುಳ್ಳು. ನೀನು ಬಾಗಿಲು ತೆಗೆಯದಿದ್ದರೆ ಎಂದು ಹೆದರಿದೆ.

ಈಗ ನನ್ನದೊಂದು ಮಾತು ಕೇಳು. ಕೊನೆಯ ಪುಟದಲ್ಲಿ ಅವರ ಮನೆ ತೆಗೆದುಹಾಕಿ ನಮ್ಮ ಮನೆ ಬರೆ. ಈ ಗ್ಯಾರೇಜು, ಈ ಮರದ ಬಾಗಿಲು, ಗೋಡೆಯ ಮೇಲಿನ ನಂಬರಿನ ಸಮೇತ ಬರೆ. ಅರಾಸೆಲಿ ನಮ್ಮ ಮೆಟ್ಟಿಲ ಮೇಲೆ ನಿಲ್ಲಲಿ. ಯಾರಾದರೂ ಹುಡುಕಿಕೊಂಡು ಬರುವುದಾದರೆ ಇಲ್ಲಿಗೆ ಬರಲಿ. ಬಾಗಿಲು ನಾನು ತೆಗೆಯುತ್ತೇನೆ. ಇದನ್ನು ನಿನ್ನ ಗೆಳತಿಗೆ ಓದಿ ಹೇಳು. ಕ್ಷಮೆ ಕೇಳಲು ನನಗೆ ಬೇರೆ ದಾರಿ ತಿಳಿಯುತ್ತಿಲ್ಲ.

ಅಪ್ಪಾಜಿ


ಶಿಕಾಗೋ
ನವೆಂಬರ್ 7, 2025

ಅಪ್ಪಾಜಿ,

ಆ ಆಟ ನನಗೆ ನೆನಪಿದೆ. ಆಟ ಮುಗಿದ ಮೇಲೆ ನೀವು ನನ್ನ ತಲೆ ಸವರಿ "ನೀನೇ ಗೆದ್ದಿ" ಎಂದಿದ್ದಿರಿ. ಕೈ ತಣ್ಣಗಿತ್ತು.

ಕಥೆ ಲೆಟಿಯದೇ, ಆದರೆ ಹೆದರಿದಾಗ ಮಾಯವಾಗುವ ಶಕ್ತಿಯನ್ನು ಅರಾಸೆಲಿಗೆ ಕೊಟ್ಟವಳು ನಾನು. ಲೆಟಿ ಅವಳಿಗೆ ಹಾರುವ ಶಕ್ತಿ ಬರೆದಿದ್ದಳು. ಬೇಡ, ಇವಳು ಮಾಯವಾಗಲಿ ಎಂದು ಹಟ ಹಿಡಿದೆ. ಎಲ್ಲಿಂದ ಹೊಳೆಯಿತು ಎಂದು ಕೇಳಿದರೆ ನನಗೆ ಹೇಳಲು ಬರುತ್ತಿರಲಿಲ್ಲ. ನಿಮ್ಮ ಕಾಗದ ಓದಿದ ಮೇಲೆ ಬಹಳ ಹೊತ್ತು ಅಳುತ್ತ ಕೂತಿದ್ದೆ.

ಲೆಟಿಗೆ ಓದಿ ಹೇಳಿದೆ. "ಬಾಗಿಲು ತೆಗೀತೀನಿ ಅಂತ ಬರೆಯೋದು ಸುಲಭ" ಎಂದಳು. ನಿಮ್ಮ ವಿಳಾಸ ಕೇಳಿ ಬರೆದುಕೊಂಡಳು, ಯಾಕೆಂದು ಹೇಳಲಿಲ್ಲ. ನಮ್ಮ ಮನೆಯನ್ನು ನೆನಪಿನಿಂದಲೇ ಬರೆಯಲು ಶುರು ಮಾಡಿದ್ದೇನೆ, ಅವಳು ಒಪ್ಪುತ್ತಾಳೋ ಇಲ್ಲವೋ ತಿಳಿಯದು. ಅಚ್ಚಿಗೆ ಇನ್ನು ಮೂರು ವಾರವಿದೆ. ರಾಮಿರೋ ಅಂಕಲ್ ಸುದ್ದಿ ಇಲ್ಲ.

ನೀವು ಬಂದಿದ್ದರೆ ಬಾಗಿಲು ತೆಗೆಯುತ್ತಿದ್ದೆ. ಸಿಟ್ಟಿನಿಂದಲೇ ತೆಗೆಯುತ್ತಿದ್ದೆ, ಆದರೆ ತೆಗೆಯುತ್ತಿದ್ದೆ.

ನಿಮ್ಮ ಶಿವಾನಿ


ರಾಚೆಸ್ಟರ್ ಹಿಲ್ಸ್
ನವೆಂಬರ್ 15, 2025

ಶಿವಾನಿ,

ಇದು ಫೋನಿನಲ್ಲಿ ಹೇಳುವ ವಿಷಯವಲ್ಲ. ನೀನೂ ಫೋನಿನಲ್ಲಿ ಕೇಳಬೇಡ.

ಗುರುವಾರ ಮಧ್ಯಾಹ್ನ ಎರಡು ಗಂಟೆಗೆ ಮನೆಯೆದುರು ಒಂದು ಕಾರು ಬಂದು ನಿಂತಿತು. ಇಲಿನಾಯ್ ಪ್ಲೇಟು, ಶಿಕಾಗೋ ಕಡೆಯದು. ಯಾರೂ ಇಳಿಯಲಿಲ್ಲ. ಹತ್ತು ನಿಮಿಷವಾಯಿತು, ಇಪ್ಪತ್ತಾಯಿತು. ಸ್ಟೀರಿಂಗ್ ಹಿಡಿದವಳು ನಮ್ಮ ಬಾಗಿಲನ್ನೇ ನೋಡುತ್ತಿದ್ದಳು. ಯಾರೆಂದು ನನಗೆ ಅನುಮಾನವೇ ಇರಲಿಲ್ಲ. ಆದರೂ ಪರದೆಯ ಪಕ್ಕದಲ್ಲಿ ನಿಂತವನು ಬಾಗಿಲಿನತ್ತ ಹೋಗಲಿಲ್ಲ. ಗ್ರೀನ್ ಕಾರ್ಡ್ ಬಂದು ನಾಲ್ಕು ವರ್ಷವಾಯಿತು, ಮುಂದಿನ ವರ್ಷ ಪೌರತ್ವಕ್ಕೆ ಅಪ್ಲೈ ಮಾಡುವವನು, ನನ್ನ ಮನೆಯಲ್ಲೇ ಕಳ್ಳನ ಹಾಗೆ ನಿಂತಿದ್ದೆ.

ನಿಮ್ಮವ್ವ ಅಡಿಗೆಮನೆಯಿಂದ ಬಂದಳು. "ಬರದು ಕಳಿಸೀರಲ್ಲ, ಹೋಗಿ ತಗೀರಿ ಬಾಗಲಾ," ಎಂದಳು.

ತೆಗೆದೆ. ಆ ಹುಡುಗಿ ಇಳಿದು ಬಂದು ಮೆಟ್ಟಿಲ ಕೆಳಗೆ ನಿಂತಳು. ನಮಸ್ಕಾರವಿಲ್ಲ, ನಗುವಿಲ್ಲ. "ಅವತ್ತು ಬಂದಿದ್ದು ನೀವೇನಾ?" ಎಂದು ಕೇಳಿದಳು. ನಾನೇ ಎಂದೆ. "ತೆಗೀತೀರಾ ಇಲ್ವಾ ಅಂತ ನೋಡ್ತಾ ಇದ್ದೆ," ಎಂದಳು. ತಡವಾಯಿತು, ಹೆದರಿದ್ದೆ ಎಂದು ಒಪ್ಪಿಕೊಂಡೆ. ನನ್ನ ಮುಖವನ್ನೇ ಒಂದು ನಿಮಿಷ ನೋಡಿದಳು. ಆಮೇಲೆ ಹಿಂದಿರುಗಿ ಹೋಗಿ ಕಾರಿನ ಹಿಂದಿನ ಬಾಗಿಲು ತೆರೆದಳು. ಸೀಟುಗಳ ನಡುವೆ, ಕಂಬಳಿಯ ಕೆಳಗೆ ಅವಳಪ್ಪ ಇದ್ದರು.

ನನ್ನನ್ನು ನೋಡಿದೊಡನೆ ಅವರಿಗೆ ಗುರುತು ಸಿಕ್ಕಿತು. ಒಂದು ಹೆಜ್ಜೆ ಹಿಂದೆ ಸರಿದರು. ನಾನು ಕೈಮುಗಿದೆ. ಬೇರೆ ಏನು ಮಾಡಬೇಕೆಂದು ಹೊಳೆಯಲಿಲ್ಲ. ಅವರು ಒಳಗೆ ಬಂದರು.

ಈಗ ಎರಡು ದಿನವಾಯಿತು. ಲೆಟಿಸಿಯಾ ಅಂದೇ ಹಿಂದಿರುಗಿದಳು. ಅವರು ಕೆಳಗಿನ ಬೇಸ್‌ಮೆಂಟಿನ ಕೋಣೆಯಲ್ಲಿದ್ದಾರೆ. ಮಾತು ಕಡಿಮೆ. ನಿನ್ನೆ ಅಡಿಗೆಮನೆಯ ನೆಲವನ್ನು ಹಿಮ್ಮಡಿಯಿಂದ ತಟ್ಟಿ ನೋಡಿ, ಹನ್ನೊಂದು ಟೈಲ್ಸ್ ಕೆಳಗೆ ಟೊಳ್ಳಿದೆ, ಕೂರಿಸಿದವನಿಗೆ ಕೆಲಸ ಬರುವುದಿಲ್ಲ ಎಂದರು. ಕೂರಿಸಿದವನು ನಾನೇ ಎಂದು ನಿಮ್ಮವ್ವ ಹೇಳಿಬಿಟ್ಟಳು. ಆಗ ಮೊದಲ ಸಲ ನಕ್ಕರು.

ಎದುರುಮನೆಯ ಹಯವದನ ಆಗಲೇ ಫೋನು ಮಾಡಿ ವಿಚಾರಿಸಿದರು. "ಯಾರ್ ಸಾರ್ ಬಂದಿರೋದು? ಇಲಿನಾಯ್ ಗಾಡಿ ಬಹಳ ಹೊತ್ತು ನಿಂತಿತ್ತಲ್ಲ?" ನೆಂಟರು ಎಂದೆ. ನನ್ನ ಮಾತನ್ನು ಅವರು ನಂಬಿದರೋ ಇಲ್ಲವೋ ಗೊತ್ತಿಲ್ಲ. ಬೀದಿಯಲ್ಲಿ ಗಾಡಿ ನಿಧಾನವಾದಾಗಲೆಲ್ಲ ನಾವು ಮೂವರೂ ಮಾತು ನಿಲ್ಲಿಸುತ್ತೇವೆ. "ಹೆದರಿಕಿ ಇಲ್ಲೇನ್ರಿ ನಿಮಗ?" ಎಂದು ನಿಮ್ಮವ್ವ ಕೇಳಿದಳು. ಐತಿ ಎಂದೆ. ಎಷ್ಟು ದಿನ ಎಂದು ನಾನು ಅವರನ್ನು ಕೇಳಿಲ್ಲ, ಕೇಳುವುದೂ ಇಲ್ಲ.

ಪುಸ್ತಕ ಅಚ್ಚಿಗೆ ಹೋಗಲಿ ಎಂದು ಲೆಟಿಸಿಯಾ ಹೋಗುವ ಮೊದಲು ಹೇಳಿದಳು. ಮುಖ ಕಾಣಲಿ, ಹೆಸರು ಇರಲಿ, ಹುಡುಗಿ ಬಿಸಿಲಲ್ಲೇ ನಿಲ್ಲಲಿ ಎಂದಳು.

ಆದರೆ ಹೋದ ಕಾಗದದಲ್ಲಿ ಹೇಳಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದೇನೆ. ನಮ್ಮ ಮನೆಯನ್ನು ಬರೆಯಬೇಡ. ಬರೆದಿದ್ದರೆ ಸುಟ್ಟುಹಾಕು, ಈ ಕಾಗದವನ್ನೂ.

ಅಪ್ಪಾಜಿ